ಇಕ್ಕಟ್ಟಾದ ಜಾಗದಿಂದ ಶುರುಮಾಡಿ

ಬೋರ್ಡಿನ ಮೇಲೆ ಒಂದು ಕೂಡುವ ಲೆಕ್ಕ ಬರೆದಿದ್ದೇನೆ, ನೋಡಿ.

ರಸ + ಸರ = ಗರಗ

ಒಂದೊಂದು ಅಕ್ಷರವೂ ಒಂದೊಂದು ಅಂಕಿ. ಒಂದು ಅಕ್ಷರ ಎಲ್ಲೇ ಬಂದರೂ ಅದೇ ಅಂಕಿ. ಬೇರೆ ಅಕ್ಷರಕ್ಕೆ ಬೇರೆ ಅಂಕಿ. ಯಾವ ಸಂಖ್ಯೆಯೂ ಸೊನ್ನೆಯಿಂದ ಶುರುವಾಗುವುದಿಲ್ಲ. ಗರಗ ಅಂದರೆ ಧಾರವಾಡದ ಹತ್ತಿರದ ಊರು, ರಾಷ್ಟ್ರಧ್ವಜಕ್ಕೆ ಖಾದಿ ಬಟ್ಟೆ ನೇಯುವ ಊರು. ಅದು ಈ ಲೆಕ್ಕಕ್ಕೆ ಏನೂ ಉಪಯೋಗಕ್ಕೆ ಬರುವುದಿಲ್ಲ, ಸುಮ್ನೆ ಹೇಳಿದೆ. ಪ್ರಶ್ನೆ ಇಷ್ಟೇ: ರ ಎಷ್ಟು, ಸ ಎಷ್ಟು, ಗ ಎಷ್ಟು?

ಕೆಲವರು ಆಗಲೇ ಅಂಕಿ ಹಾಕಿ ನೋಡುತ್ತಿದ್ದೀರಿ. ರ ಜಾಗಕ್ಕೆ 3, ಸ ಜಾಗಕ್ಕೆ 5. 35ಕ್ಕೆ 53 ಕೂಡಿದರೆ 88. ಆಗಲಿಲ್ಲ. ಹೊಡೆದು ಹಾಕಿ ಇನ್ನೊಂದು. ಹೀಗೆ ಮಾಡಿದರೂ ಉತ್ತರ ಸಿಗುತ್ತದೆ. ರ, ಸ ಎರಡಕ್ಕೂ ಸೊನ್ನೆ ಬಿಟ್ಟು ಬೇರೆ ಬೇರೆ ಅಂಕಿ ಹಾಕುವ ಬಗೆ 72. ತಾಳ್ಮೆ ಇದ್ದವರು ಕಾಫಿ ಬರುವಷ್ಟರಲ್ಲಿ ಮುಗಿಸಿಬಿಡಬಹುದು. ಆದರೆ ಒಂದು ತೊಂದರೆ ಇದೆ. ನಡುವೆ ಎಲ್ಲೋ ಉತ್ತರ ಸಿಕ್ಕಿತು ಅಂದುಕೊಳ್ಳಿ. ಅದೊಂದೇ ಉತ್ತರವಾ, ಮುಂದೆ ಇನ್ನೊಂದು ಇದೆಯಾ? 72ನ್ನೂ ಮುಗಿಸದೆ ಹೇಳಲಾಗುವುದಿಲ್ಲ.

ಪೆನ್ನು ಕೆಳಗಿಡಿ. ಮೊದಲು ಇದನ್ನು ಕೇಳಿಕೊಳ್ಳಿ: ಈ ಲೆಕ್ಕದಲ್ಲಿ ಯಾವ ಅಕ್ಷರಕ್ಕೆ ಅಲ್ಲಾಡಲು ಜಾಗ ಅತಿ ಕಡಿಮೆ? ಗರಗದ ಮೊದಲ ಗ. ಎರಡಂಕಿಯ ಎರಡು ಸಂಖ್ಯೆಗಳನ್ನು ಕೂಡಿದರೆ ಎಷ್ಟೇ ಆದರೂ 198 ದಾಟುವುದಿಲ್ಲ. ಹಾಗಾದರೆ ನೂರರ ಸ್ಥಾನದಲ್ಲಿ 1 ಬಿಟ್ಟು ಬೇರೆ ಏನೂ ಇರಲು ಸಾಧ್ಯವಿಲ್ಲ. ಗ ಅಂದರೆ 1. ಊಹೆಯಲ್ಲ, ಬೇರೆ ದಾರಿಯೇ ಇಲ್ಲ.

ಈಗ ಬಿಡಿ ಸ್ಥಾನಕ್ಕೆ ಬನ್ನಿ. ಸ ಮತ್ತು ರ ಕೂಡಿದರೆ ಕೊನೆಗೆ 1 ಬರಬೇಕು. ಮೊತ್ತ 1 ಇರಬೇಕು, ಇಲ್ಲ 11 ಇರಬೇಕು. ಎರಡೂ ಸೊನ್ನೆಯಲ್ಲ, ಆದ್ದರಿಂದ 1 ಆಗದು. 11 ಆಯಿತು. ಒಂದು ಬರೆದು, ಒಂದು ಕೈಯಲ್ಲಿ. ಹತ್ತರ ಸ್ಥಾನದಲ್ಲಿ ಮತ್ತೆ ಅದೇ ರ ಮತ್ತು ಸ, ಅದೇ 11, ಕೈಯಲ್ಲಿದ್ದ 1 ಸೇರಿ 12. ಬರೆಯುವ ಅಂಕಿ 2. ಆ ಜಾಗದಲ್ಲಿರುವ ಅಕ್ಷರ ರ. ರ ಅಂದರೆ 2, ಸ ಅಂದರೆ 9. 29ಕ್ಕೆ 92 ಕೂಡಿದರೆ 121. ಒಮ್ಮೆಯೂ ಅಂದಾಜಿನ ಮೇಲೆ ಅಂಕಿ ಹಾಕಲಿಲ್ಲ. ಜೊತೆಗೆ, ಬೇರೆ ಉತ್ತರ ಇಲ್ಲ ಅನ್ನುವುದೂ ಪುಕ್ಕಟೆಯಾಗಿ ಸಿಕ್ಕಿತು.

ಸಿಕ್ಕು ಬಿದ್ದ ದಾರವನ್ನು ನಡುವಿನಿಂದ ಎಳೆದರೆ ಗಂಟು ಬಿಗಿಯಾಗುತ್ತದೆ, ತುದಿ ಹಿಡಿದರೆ ಬಿಡಿಸಿಕೊಳ್ಳುತ್ತದೆ. ಲೆಕ್ಕದ ಒಗಟಿಗೂ ಅಂಥ ತುದಿ ಇರುತ್ತದೆ. ಆಯ್ಕೆ ಅತಿ ಕಡಿಮೆ ಇರುವ ಜಾಗವೇ ಆ ತುದಿ. ಇವತ್ತು ನಾನು ಹೇಳಲು ಬಂದದ್ದು ಇದೊಂದೇ ಮಾತು. ಉಳಿದದ್ದೆಲ್ಲ ಉದಾಹರಣೆ.

ಅಕ್ಷರದ ಲೆಕ್ಕದಲ್ಲಿ ಇದ್ದೇವಲ್ಲ, ಇನ್ನೊಂದು ನೋಡಿಬಿಡೋಣ. ನಮ್ಮ ಭಾಷೆಯಲ್ಲಿ ಪಟಪಟ, ಸರಸರ, ಗಡಗಡ, ದಡದಡ ಅಂತ ಎಷ್ಟೊಂದು ಪದಗಳಿವೆ. ಪ ಒಂದು ಅಂಕಿ, ಟ ಒಂದು ಅಂಕಿ ಆದರೆ ಪಟಪಟ ನಾಲ್ಕಂಕಿಯ ಸಂಖ್ಯೆ. 3737 ಇರಬಹುದು, 5252 ಇರಬಹುದು. ಇಂಥ ಸಂಖ್ಯೆ ಯಾವಾಗಲಾದರೂ ವರ್ಗಸಂಖ್ಯೆ ಆಗುತ್ತದಾ? ಅಂದರೆ ಯಾವುದೋ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುತ್ತದಾ?

ನಾಲ್ಕಂಕಿಯ ವರ್ಗಗಳು 32ರ ವರ್ಗದಿಂದ 99ರ ವರ್ಗದವರೆಗೆ, ಒಟ್ಟು 68. ಎಲ್ಲವನ್ನೂ ಬರೆದು ನೋಡಬಹುದು. ಆದರೆ ಬೇಡ. ಪಟಪಟ ಅಂದರೆ ಪಟವನ್ನು 100ರಿಂದ ಗುಣಿಸಿ ಮತ್ತೊಂದು ಪಟ ಕೂಡಿದ ಹಾಗೆ. ಅಂದರೆ 101 ಪಟ. 101 ಅವಿಭಾಜ್ಯ ಸಂಖ್ಯೆ, ಅದನ್ನು ಒಡೆಯಲಾಗದು. ವರ್ಗಸಂಖ್ಯೆಯಲ್ಲಿ ಪ್ರತಿ ಅವಿಭಾಜ್ಯವೂ ಜೋಡಿಯಾಗಿ ಇರಲೇಬೇಕು. ಹಾಗಾದರೆ ಇನ್ನೊಂದು 101 ಎಲ್ಲಿಂದ ಬರಬೇಕು? ಪಟದ ಒಳಗಿನಿಂದ. ಪಟ ಎರಡೇ ಅಂಕಿಯದ್ದು, 101ಕ್ಕಿಂತ ಚಿಕ್ಕದು. ಅದರೊಳಗೆ 101 ಹಿಡಿಸುವುದಿಲ್ಲ. ಮುಗಿಯಿತು. ಪಟಪಟ ಮಾತ್ರ ಅಲ್ಲ, ಸರಸರ, ಗಡಗಡ, ನೀವು ಮುಂದೆ ಹುಟ್ಟಿಸುವ ಇಂಥ ಯಾವ ಪದವೂ ವರ್ಗಸಂಖ್ಯೆ ಆಗುವುದಿಲ್ಲ. ಒಂದನ್ನೂ ಗುಣಿಸಿ ನೋಡದೆ ಹೇಳಿದೆವು.

ಮನೆಯಲ್ಲಿ ಮಕ್ಕಳಿದ್ದರೆ ಇದರದ್ದೇ ದೊಡ್ಡ ಆಟ ಒಂದಿದೆ. ಮೂರಂಕಿಯ ಸಂಖ್ಯೆಯನ್ನು ಎರಡು ಸಲ ಬರೆಯಲು ಹೇಳಿ, 384384 ಅಂತ. ಅದನ್ನು 7ರಿಂದ, ಬಂದದ್ದನ್ನು 11ರಿಂದ, ಬಂದದ್ದನ್ನು 13ರಿಂದ ಭಾಗಿಸಲಿ. ಮತ್ತೆ 384 ಬಂದು ನಿಲ್ಲುತ್ತದೆ. ಯಾಕೆ ಅಂತ ಹೇಳಿಕೊಡಬೇಡಿ. 1001 ಅನ್ನುವ ಸಂಖ್ಯೆಯನ್ನು ಅವರೇ ಕಂಡುಹಿಡಿಯಲಿ.

ಒಂದು ವಿಷಯ ಇಲ್ಲೇ ಸ್ಪಷ್ಟ ಮಾಡುತ್ತೇನೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಮಲ್ಲಿಗೆ. ಇದೂ ಒಗಟೇ, ಚೆಂದದ ಒಗಟು. ಆದರೆ ಇದನ್ನು ತರ್ಕದಿಂದ ಬಿಡಿಸಲಾಗುವುದಿಲ್ಲ. ಹೊಳೆಯಬೇಕು. ಹೊಳೆಯದಿದ್ದರೆ ಸೋತೆ ಅನ್ನಬೇಕು, ಊರು ಕೊಡಬೇಕು. ನಾನು ಮಾತಾಡುತ್ತಿರುವುದು ಹೊಳೆಯುವುದಕ್ಕೆ ಕಾಯಬೇಕಿಲ್ಲದ ಒಗಟುಗಳ ಬಗ್ಗೆ.

ಇನ್ನೊಂದು ಜಾತಿಯೂ ಇದೆ, ಅದರ ಮೇಲೆ ನನಗೆ ಸಿಟ್ಟು. ವಾಟ್ಸಾಪಿನಲ್ಲಿ ಬರುತ್ತದಲ್ಲ, ‘ಜಾಣರು ಮಾತ್ರ ಉತ್ತರಿಸಬಲ್ಲರು, 1, 2, 4, 8, 16, ಮುಂದೇನು?’ ಅಂತ. ನೀವು 32 ಅನ್ನುತ್ತೀರಿ. ನಾನು 31 ಅಂದರೆ? ಒಂದು ವೃತ್ತದ ಮೇಲೆ ಚುಕ್ಕೆ ಇಟ್ಟು, ಪ್ರತಿ ಎರಡು ಚುಕ್ಕೆಯನ್ನೂ ಗೆರೆಯಿಂದ ಸೇರಿಸಿ, ವೃತ್ತ ಎಷ್ಟು ತುಂಡಾಯಿತು ಅಂತ ಎಣಿಸಿ. ಜಾಸ್ತಿ ತುಂಡು ಬರುವ ಹಾಗೆ ಚುಕ್ಕೆ ಇಡಬೇಕು. ಒಂದು ಚುಕ್ಕೆಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರು ಚುಕ್ಕೆ ಇಟ್ಟರೆ 31. 32 ಅಲ್ಲ. ಹಾಗಾಗಿ ಸರಣಿಯ ಪ್ರಶ್ನೆಗೆ ತರ್ಕದ ಉತ್ತರ ಇರುವುದಿಲ್ಲ. ಪ್ರಶ್ನೆ ಹಾಕಿದವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವುದಷ್ಟೇ. ಪರೀಕ್ಷೆಗಳಲ್ಲಿ ಕೇಳುತ್ತಾರೆ, ಬರೆಯಿರಿ, ಅಂಕ ತೆಗೆದುಕೊಳ್ಳಿ. ಅದನ್ನು ತರ್ಕ ಅಂತ ಮಾತ್ರ ಕರೆಯಬೇಡಿ.

ಸರಿ, ಹುಲಿ, ಹಸು, ಹುಲ್ಲಿನ ಹೊರೆಗೆ ಬರೋಣ. ಇದು ಗೊತ್ತಿಲ್ಲದವರು ಇಲ್ಲಿ ಯಾರೂ ಇರಲಾರರು. ದೋಣಿಯಲ್ಲಿ ಒಬ್ಬ ಮನುಷ್ಯ, ಅವನ ಜೊತೆ ಒಂದೇ ವಸ್ತು ಹಿಡಿಸುತ್ತದೆ. ಹುಲಿ ಮತ್ತು ಹಸುವನ್ನು ಬಿಟ್ಟು ಹೋದರೆ ಹಸು ಉಳಿಯುವುದಿಲ್ಲ. ಹಸು ಮತ್ತು ಹುಲ್ಲನ್ನು ಬಿಟ್ಟು ಹೋದರೆ ಹುಲ್ಲು ಉಳಿಯುವುದಿಲ್ಲ. ಹುಲಿಯನ್ನು ದೋಣಿಗೆ ಹತ್ತಿಸಿದ್ದು ಹೇಗೆ ಅಂತ ಮಕ್ಕಳು ಕೇಳುತ್ತಾರೆ. ಕೇಳಲಿ, ಒಳ್ಳೆಯ ಪ್ರಶ್ನೆ. ಯುರೋಪಿನಲ್ಲಿ ಇದೇ ಒಗಟು ತೋಳ, ಆಡು, ಎಲೆಕೋಸಿನದ್ದು. ಸುಮಾರು 1200 ವರ್ಷದ ಹಿಂದೆ ಆಲ್ಕ್ವಿನ್ ಎಂಬ ವಿದ್ವಾಂಸನ ಹೆಸರಿನಲ್ಲಿರುವ ಲ್ಯಾಟಿನ್ ಸಂಗ್ರಹದಲ್ಲಿ ಅದು ಸಿಗುತ್ತದೆ.

ಎಲ್ಲರಿಗೂ ಉತ್ತರ ಬಾಯಿಪಾಠ. ಅದಕ್ಕೇ ಯಾರೂ ಇದನ್ನು ಸರಿಯಾಗಿ ನೋಡುವುದಿಲ್ಲ. ಈ ಒಗಟಿನಲ್ಲಿ ನಿಮಗೆ ಆಯ್ಕೆ ಎಷ್ಟು ಸಲ ಇದೆ ಹೇಳಿ. ಮೊದಲ ಸಲ ಹುಲಿಯನ್ನು ಒಯ್ದರೆ ಹುಲ್ಲು ಹೋಯಿತು, ಹುಲ್ಲನ್ನು ಒಯ್ದರೆ ಹಸು ಹೋಯಿತು. ಹಸುವನ್ನೇ ಒಯ್ಯಬೇಕು. ಆಯ್ಕೆ ಇಲ್ಲ. ವಾಪಸು ಒಬ್ಬನೇ ಬರಬೇಕು, ಹಸುವನ್ನೇ ತಂದರೆ ಶುರುವಿಗೆ ಬಂದ ಹಾಗಾಯಿತು. ಈಗ ಮಾತ್ರ ಆಯ್ಕೆ ಇದೆ: ಹುಲಿಯಾ, ಹುಲ್ಲಾ? ಹುಲಿ ಅನ್ನೋಣ. ಆ ದಡದಲ್ಲಿ ಈಗ ಹುಲಿ, ಹಸು. ಒಬ್ಬನೇ ವಾಪಸು ಬರುವಂತಿಲ್ಲ. ಹುಲಿಯನ್ನು ತಂದರೆ ಮಾಡಿದ್ದು ವ್ಯರ್ಥ. ಹಸುವನ್ನೇ ತರಬೇಕು. ಮತ್ತೆ ಆಯ್ಕೆ ಇಲ್ಲ. ಈ ದಡದಲ್ಲಿ ಹಸುವನ್ನು ಇಳಿಸಿ ಹುಲ್ಲನ್ನು ಒಯ್ಯಬೇಕು, ಒಬ್ಬನೇ ಬರಬೇಕು, ಕೊನೆಗೆ ಹಸು. ಏಳು ಸಲ ದಾಟಿದ. ಏಳರಲ್ಲಿ ಒಂದೇ ಒಂದು ಸಲ ಅವನ ಇಷ್ಟಕ್ಕೆ ಜಾಗವಿತ್ತು. ಅಲ್ಲಿ ಯಾವುದನ್ನು ಆರಿಸಿಕೊಂಡರೂ ದಡ ಮುಟ್ಟುತ್ತಾನೆ.

ಹಾಗಾದರೆ ಮೊದಲ ಸಲ ಕೇಳಿದವರಿಗೆ ಇದು ಯಾಕೆ ಕಷ್ಟ? ಹಸುವನ್ನು ವಾಪಸು ತರುವುದು ಮನಸ್ಸಿಗೆ ಬರುವುದಿಲ್ಲ. ದಾಟಿಸಿದ್ದನ್ನು ವಾಪಸು ತಂದರೆ ಸೋತಂತೆ ಅನ್ನಿಸುತ್ತದೆ. ‘ವಾಪಸು ತರಬಾರದು’ ಅಂತ ಒಗಟು ಎಲ್ಲೂ ಹೇಳಿಲ್ಲ. ಅದು ನಾವೇ ಸೇರಿಸಿಕೊಂಡ ನಿಯಮ. ಒಗಟು ಬಿಡಿಸುವಾಗ ಕೊಟ್ಟ ನಿಯಮಗಳನ್ನು ಒಂದು ಕಡೆ ಬರೆಯಿರಿ. ನೀವೇ ಹಾಕಿಕೊಂಡದ್ದು ಯಾವುದಾದರೂ ನುಸುಳಿದೆಯಾ ಅಂತ ನೋಡಿ. ಮುಕ್ಕಾಲು ಪಾಲು ಸಲ ನುಸುಳಿರುತ್ತದೆ.

ಈಗ ನಮ್ಮ ನೆಲದ್ದೇ ಒಂದು. ಮಹಾವೀರಾಚಾರ್ಯ ಗೊತ್ತಲ್ಲ? ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ. ಸುಮಾರು 850ರ ಹೊತ್ತಿಗೆ ಗಣಿತಸಾರಸಂಗ್ರಹ ಬರೆದ. ಸಂಸ್ಕೃತದಲ್ಲಿ, ಶ್ಲೋಕಗಳಲ್ಲಿ. ರಾಷ್ಟ್ರಕೂಟರ ಮಾನ್ಯಖೇಟವೇ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ಲೆಕ್ಕಗಳಲ್ಲಿ ಮಾವಿನ ಹಣ್ಣು, ಆನೆ, ಜೇನು, ವ್ಯಾಪಾರಿ ಎಲ್ಲ ಬರುತ್ತಾರೆ. ಒಂದು ಲೆಕ್ಕ ಹೀಗಿದೆ.

ಮೂವರು ವ್ಯಾಪಾರಿಗಳು ದಾರಿಯಲ್ಲಿ ಹೋಗುವಾಗ ಒಂದು ಹಣದ ಚೀಲ ಸಿಗುತ್ತದೆ. ಮೊದಲನೆಯವ ಹೇಳುತ್ತಾನೆ: ‘ಈ ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಸೇರಿಸಿದ್ದರ ಎರಡರಷ್ಟು ನನ್ನ ಹತ್ತಿರ ಆಗುತ್ತದೆ.’ ಎರಡನೆಯವ: ‘ನನಗೆ ಸಿಕ್ಕರೆ ಮೂರರಷ್ಟು.’ ಮೂರನೆಯವ: ‘ನನಗಾದರೆ ಐದರಷ್ಟು.’ ಯಾರ ಹತ್ತಿರ ಎಷ್ಟಿತ್ತು, ಚೀಲದಲ್ಲಿ ಎಷ್ಟಿತ್ತು?

ಹೈಸ್ಕೂಲು ಮೇಷ್ಟ್ರುಗಳು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಕೈ ತಾನಾಗಿ ಎಕ್ಸ್, ವೈ, ಝಡ್ ಬರೆಯಲು ಹೋಗುತ್ತದೆ. ನಾಲ್ಕು ಅವ್ಯಕ್ತ, ಮೂರು ಸಮೀಕರಣ. ಆಗುತ್ತದೆ, ತಪ್ಪಿಲ್ಲ. ಆದರೆ ಒಂದು ನಿಮಿಷ ನಿಲ್ಲಿ. ಈ ಮೂವರೂ ಮೂರು ಬೇರೆ ಬೇರೆ ಕತೆ ಹೇಳುತ್ತಿದ್ದಾರೆ. ಮೂರೂ ಕತೆಯಲ್ಲಿ ಬದಲಾಗದೆ ಇರುವುದು ಯಾವುದು? ಚೀಲ ಯಾರ ಕೈಗೆ ಹೋದರೂ ದಾರಿಯಲ್ಲಿರುವ ಒಟ್ಟು ಹಣ ಅಷ್ಟೇ ತಾನೇ? ಅದನ್ನು ಹಿಡಿಯಿರಿ.

ಮೊದಲನೆಯವನ ಹತ್ತಿರ ಉಳಿದಿಬ್ಬರ ಎರಡರಷ್ಟು ಅಂದರೆ, ಒಟ್ಟು ಹಣದಲ್ಲಿ ಉಳಿದಿಬ್ಬರದ್ದು ಮೂರನೇ ಒಂದು. ಎರಡನೆಯವನ ಮಾತಿನಲ್ಲಿ ಉಳಿದಿಬ್ಬರದ್ದು ನಾಲ್ಕನೇ ಒಂದು. ಮೂರನೆಯವನ ಮಾತಿನಲ್ಲಿ ಆರನೇ ಒಂದು. 3, 4, 6 ಎಲ್ಲದರಿಂದಲೂ ಭಾಗವಾಗುವ ಒಟ್ಟು ಬೇಕು, ಮುಂದೆ ಅರ್ಧ ಮಾಡಬೇಕಾಗುತ್ತದೆ, ಅದಕ್ಕೂ ಒಗ್ಗಬೇಕು. 24 ಇಟ್ಟುಕೊಳ್ಳಿ. ಎರಡನೆಯವ ಮತ್ತು ಮೂರನೆಯವ ಸೇರಿ 8. ಒಂದನೆಯವ ಮತ್ತು ಮೂರನೆಯವ ಸೇರಿ 6. ಒಂದನೆಯವ ಮತ್ತು ಎರಡನೆಯವ ಸೇರಿ 4. ಮೂರನ್ನೂ ಕೂಡಿದರೆ 18. ಅದರಲ್ಲಿ ಪ್ರತಿಯೊಬ್ಬನೂ ಎರಡು ಸಲ ಬಂದಿದ್ದಾನೆ. ಹಾಗಾಗಿ ಮೂವರದ್ದೂ ಸೇರಿ 9. ಒಂಬತ್ತರಲ್ಲಿ 8 ಕಳೆದರೆ ಮೊದಲನೆಯವನದ್ದು 1, 6 ಕಳೆದರೆ ಎರಡನೆಯವನದ್ದು 3, 4 ಕಳೆದರೆ ಮೂರನೆಯವನದ್ದು 5. ಚೀಲದಲ್ಲಿ 15.

ತಾಳೆ ನೋಡಿ. 1ಕ್ಕೆ 15 ಸೇರಿದರೆ 16, ಅದು 8ರ ಎರಡರಷ್ಟು. 3ಕ್ಕೆ 15 ಸೇರಿದರೆ 18, ಅದು 6ರ ಮೂರರಷ್ಟು. 5ಕ್ಕೆ 15 ಸೇರಿದರೆ 20, 4ರ ಐದರಷ್ಟು. ಎಲ್ಲವನ್ನೂ ಎರಡರಷ್ಟು ಮಾಡಿ 2, 6, 10, ಚೀಲದಲ್ಲಿ 30 ಅಂದರೂ ಸರಿಯೇ. ಒಗಟು ಹೇಳುವುದು ಪ್ರಮಾಣವನ್ನು ಮಾತ್ರ. ಅದಕ್ಕೇ ನಾಲ್ಕು ಅವ್ಯಕ್ತಕ್ಕೆ ಮೂರು ಸಮೀಕರಣ ಸಾಕಾಯಿತು.

ಇಲ್ಲಿಯವರೆಗೆ ಸಂಖ್ಯೆ ಆಯಿತು. ಈಗ ಸಂಖ್ಯೆಯೇ ಬೇಡದ ಒಂದು ಒಗಟು. ಇದರಲ್ಲಿ ಬಹಳ ಜನ ಎಡವುತ್ತಾರೆ, ಹೆದರಬೇಡಿ. ಮೇಜಿನ ಮೇಲೆ ನಾಲ್ಕು ಕಾರ್ಡ್. ಪ್ರತಿ ಕಾರ್ಡಿನ ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಸಂಖ್ಯೆ. ನಿಮಗೆ ಕಾಣುತ್ತಿರುವುದು: ಅ, ಕ, 4, 7. ಒಬ್ಬರು ಹೇಳುತ್ತಾರೆ, ‘ಒಂದು ಬದಿಗೆ ಸ್ವರ ಇದ್ದರೆ ಇನ್ನೊಂದು ಬದಿಗೆ ಸಮಸಂಖ್ಯೆ ಇರುತ್ತದೆ.’ ಇದು ನಿಜವಾ ಅಂತ ನೋಡಲು ಯಾವ ಯಾವ ಕಾರ್ಡು ತಿರುಗಿಸಲೇಬೇಕು?

ಕೈ ಎತ್ತಿ. ಅ ಮತ್ತು 4 ಅನ್ನುವವರು? ಬಹಳ ಜನ. ಅ ಮಾತ್ರ? ಸ್ವಲ್ಪ ಜನ. ಅ ಮತ್ತು 7? ಮೂರು ನಾಲ್ಕು ಕೈ ಕಾಣುತ್ತಿವೆ. ಪೀಟರ್ ವೇಸನ್ ಎಂಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞ 1966ರಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ರೂಪಿಸಿದ. ಇಂಥ ಪ್ರಯೋಗಗಳಲ್ಲಿ ಹತ್ತು ಜನರಲ್ಲಿ ಒಬ್ಬರು ಸರಿ ಹೇಳಿದರೆ ಹೆಚ್ಚು.

ಉತ್ತರ ಹೇಳುವ ಮೊದಲು ನಿಮ್ಮನ್ನು ಒಂದು ಕೆ.ಎಸ್.ಆರ್.ಟಿ.ಸಿ. ಬಸ್ಸಿಗೆ ಹತ್ತಿಸುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ನಿಯಮವನ್ನು ನಮ್ಮ ಆಟಕ್ಕೆ ಸರಳ ಮಾಡೋಣ: ‘ಶೂನ್ಯ ಟಿಕೆಟ್ ಇದ್ದರೆ ಅದು ಹೆಂಗಸಿನದ್ದೇ ಆಗಿರಬೇಕು.’ ನೀವು ಚೆಕಿಂಗ್‌ನವರು. ನಾಲ್ಕು ಪ್ರಯಾಣಿಕರ ಕಾರ್ಡ್ ಕೈಯಲ್ಲಿದೆ, ಒಂದು ಬದಿಗೆ ಟಿಕೆಟ್, ಇನ್ನೊಂದು ಬದಿಗೆ ಗಂಡಸಾ ಹೆಂಗಸಾ ಅಂತ. ಕಾಣುತ್ತಿರುವುದು: ಶೂನ್ಯ ಟಿಕೆಟ್, ದುಡ್ಡು ಕೊಟ್ಟ ಟಿಕೆಟ್, ಹೆಂಗಸು, ಗಂಡಸು. ಯಾರನ್ನು ಪರೀಕ್ಷಿಸುತ್ತೀರಿ?

ಎಲ್ಲರೂ ಒಟ್ಟಿಗೆ ಕೂಗಿದಿರಿ. ಶೂನ್ಯ ಟಿಕೆಟ್ ಯಾರದ್ದು ಅಂತ ನೋಡಬೇಕು, ಆ ಗಂಡಸಿನ ಟಿಕೆಟ್ ನೋಡಬೇಕು. ಹೆಂಗಸಿನದ್ದು ಯಾಕೆ ಬೇಡ? ಅವರು ದುಡ್ಡು ಕೊಟ್ಟೇ ಬಂದಿರಲಿ, ನಿಯಮ ಮುರಿಯುವುದಿಲ್ಲ. ಸರಿ, ಈಗ ಮೊದಲಿನ ಕಾರ್ಡುಗಳಿಗೆ ವಾಪಸು ಬನ್ನಿ. ಸ್ವರ ಅಂದರೆ ಶೂನ್ಯ ಟಿಕೆಟ್, ಸಮಸಂಖ್ಯೆ ಅಂದರೆ ಹೆಂಗಸು. 4 ಅನ್ನುವ ಕಾರ್ಡು ಆ ಹೆಂಗಸು, ಹಿಂದೆ ಏನೇ ಇದ್ದರೂ ನಿಯಮಕ್ಕೆ ಪೆಟ್ಟಿಲ್ಲ. 7 ಆ ಗಂಡಸು. ಅದರ ಹಿಂದೆ ಸ್ವರ ಸಿಕ್ಕರೆ ನಿಯಮ ಬಿತ್ತು. ಉತ್ತರ ಅ ಮತ್ತು 7.

ಅಮೆರಿಕದಲ್ಲಿ 1982ರಲ್ಲಿ ಬಿಯರ್ ಮತ್ತು ಕುಡಿಯುವ ವಯಸ್ಸು ಇಟ್ಟುಕೊಂಡು ಇದೇ ಪ್ರಯೋಗ ಮಾಡಿದಾಗ ಬಹುಪಾಲು ಜನ ಸರಿ ಉತ್ತರ ಕೊಟ್ಟರು. ಅಂದರೆ ತರ್ಕ ನಮಗೆ ಬರುತ್ತದೆ. ನಿಯಮ ಮುರಿಯುವವನನ್ನು ಹಿಡಿಯಬೇಕು ಅಂದಾಗ ಚೆನ್ನಾಗಿ ಬರುತ್ತದೆ. ಅಕ್ಷರ, ಅಂಕಿ ಕಂಡಾಗ ಮಾತ್ರ ನಿಯಮಕ್ಕೆ ಹೊಂದುವುದನ್ನು ಹುಡುಕಲು ಹೋಗುತ್ತೇವೆ. ಆದ್ದರಿಂದ ‘ಇದ್ದರೆ... ಇರುತ್ತದೆ’ ಅಂತ ಯಾವ ವಾಕ್ಯ ಬಂದರೂ ಅದನ್ನು ಮುರಿಯುವವನು ಯಾರು ಅಂತ ಕೇಳಿ.

ಸುಳ್ಳರ ಊರಿನ ಒಗಟುಗಳಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಆ ಊರಿನಲ್ಲಿ ಎರಡೇ ತರಹದ ಜನ. ಕೆಲವರು ಯಾವಾಗಲೂ ನಿಜ ಹೇಳುತ್ತಾರೆ, ಉಳಿದವರು ಯಾವಾಗಲೂ ಸುಳ್ಳು ಹೇಳುತ್ತಾರೆ. ಇಂಥವನ್ನು ಜನಪ್ರಿಯ ಮಾಡಿದ್ದು ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್. ಜಾದೂ ಮಾಡುತ್ತಿದ್ದ, ಪಿಯಾನೊ ನುಡಿಸುತ್ತಿದ್ದ, 97 ವರ್ಷ ಬದುಕಿ 2017ರಲ್ಲಿ ತೀರಿಕೊಂಡ. ಅವನ ಬಳಗದ ಒಂದು ಹಳೆಯ ಒಗಟು ಕೇಳಿ.

ಮೂವರು ಕಟ್ಟೆಯ ಮೇಲೆ ಕೂತಿದ್ದಾರೆ. ನೀವು ಮೊದಲನೆಯವನನ್ನು ‘ನೀನು ನಿಜ ಹೇಳುವವನಾ, ಸುಳ್ಳನಾ?’ ಅಂತ ಕೇಳಿದಿರಿ. ಅವನು ಏನೋ ಗೊಣಗಿದ, ಕೇಳಿಸಲಿಲ್ಲ. ಎರಡನೆಯವ, ‘ಅವನು ತಾನು ಸುಳ್ಳ ಅಂತ ಹೇಳಿದ’ ಅಂದ. ಮೂರನೆಯವ, ‘ಈ ಎರಡನೆಯವನ ಮಾತು ನಂಬಬೇಡಿ, ಸುಳ್ಳು ಹೇಳುತ್ತಿದ್ದಾನೆ’ ಅಂದ. ಯಾರು ಏನು?

ಕೇಳಿಸದ ಮಾತಿನಿಂದ ಶುರುಮಾಡಬೇಕು. ವಿಚಿತ್ರ ಅನ್ನಿಸುತ್ತದೆ, ಆದರೆ ಇಕ್ಕಟ್ಟು ಇರುವುದು ಅಲ್ಲೇ. ಈ ಊರಿನಲ್ಲಿ ಯಾರೂ ‘ನಾನು ಸುಳ್ಳ’ ಅನ್ನಲಾಗದು. ನಿಜ ಹೇಳುವವನು ಅಂದರೆ ಅದು ಸುಳ್ಳಾಗುತ್ತದೆ, ಸುಳ್ಳ ಅಂದರೆ ಅದು ನಿಜವಾಗುತ್ತದೆ. ಹಾಗಾಗಿ ಮೊದಲನೆಯವ ಗೊಣಗಿದ್ದು ‘ನಾನು ನಿಜ ಹೇಳುವವನು’ ಅಂತಲೇ. ಎರಡನೆಯವ ಹೇಳಿದ್ದು ಸುಳ್ಳು. ಮೂರನೆಯವ ಹೇಳಿದ್ದು ನಿಜ.

ಮೊದಲನೆಯವ? ಗೊತ್ತಿಲ್ಲ. ಎರಡೂ ತರಹದವರು ಅದೇ ಮಾತು ಹೇಳುತ್ತಾರೆ. ಇಲ್ಲಿ ಮಕ್ಕಳು ಬಹಳ ಒದ್ದಾಡುತ್ತಾರೆ, ಏನಾದರೂ ಉತ್ತರ ಬರೆಯಲೇಬೇಕು ಅಂತ. ಬರೆಯಬಾರದು. ‘ಕೊಟ್ಟ ಮಾಹಿತಿಯಿಂದ ಹೇಳಲಾಗದು’ ಅನ್ನುವುದು ಪೂರ್ಣ ಉತ್ತರ. ಪೂರ್ತಿ ಅಂಕ ಕೊಡಬೇಕಾದ ಉತ್ತರ.

‘ಗೊತ್ತಿಲ್ಲ’ ಅನ್ನುವ ಮಾತಿನಲ್ಲೇ ಉತ್ತರ ಅಡಗಿರುವ ಒಗಟೂ ಇದೆ. 2015ರ ಏಪ್ರಿಲ್‌ನಲ್ಲಿ ಸಿಂಗಾಪುರದ ಟಿವಿ ನಿರೂಪಕರೊಬ್ಬರು ಶಾಲಾ ಮಕ್ಕಳ ಗಣಿತ ಒಲಿಂಪಿಯಾಡ್‌ನ ಪ್ರಶ್ನೆಯೊಂದನ್ನು ಫೇಸ್‌ಬುಕ್‌ನಲ್ಲಿ ಹಾಕಿದರು. ಕೆಲವೇ ದಿನದಲ್ಲಿ ಪ್ರಪಂಚವೆಲ್ಲ ಅದರ ಮೇಲೆ ಜಗಳವಾಡಿತು. ಚೆರಿಲ್ ಎಂಬ ಹುಡುಗಿಯ ಹುಟ್ಟುಹಬ್ಬ ಯಾವತ್ತು ಅನ್ನುವುದು ಪ್ರಶ್ನೆ. ಅವಳು ಹತ್ತು ತಾರೀಖು ಕೊಡುತ್ತಾಳೆ.

ಮೇ 15, 16, 19
ಜೂನ್ 17, 18
ಜುಲೈ 14, 16
ಆಗಸ್ಟ್ 14, 15, 17

ಆಲ್ಬರ್ಟ್ ಕಿವಿಯಲ್ಲಿ ತಿಂಗಳು ಮಾತ್ರ ಹೇಳುತ್ತಾಳೆ, ಬರ್ನಾರ್ಡ್ ಕಿವಿಯಲ್ಲಿ ತಾರೀಖು ಮಾತ್ರ. ಆಮೇಲೆ ಅವರ ಮಾತು:

ಆಲ್ಬರ್ಟ್: ‘ನನಗೆ ಗೊತ್ತಿಲ್ಲ. ಬರ್ನಾರ್ಡ್‌ಗೂ ಗೊತ್ತಿಲ್ಲ ಅಂತ ನನಗೆ ಗೊತ್ತು.’
ಬರ್ನಾರ್ಡ್: ‘ಮೊದಲು ಗೊತ್ತಿರಲಿಲ್ಲ, ಈಗ ಗೊತ್ತಾಯಿತು.’
ಆಲ್ಬರ್ಟ್: ‘ಹಾಗಾದರೆ ನನಗೂ ಗೊತ್ತಾಯಿತು.’

ಇಕ್ಕಟ್ಟಾದ ಜಾಗ ಎಲ್ಲಿ? ಪಟ್ಟಿಯಲ್ಲಿ ಒಂದೇ ಸಲ ಬಂದಿರುವ ತಾರೀಖು ನೋಡಿ: 18 ಮತ್ತು 19. ಬರ್ನಾರ್ಡ್‌ಗೆ ಇವೆರಡರಲ್ಲಿ ಒಂದು ಸಿಕ್ಕಿದ್ದರೆ ಅವನಿಗೆ ಆಗಲೇ ಗೊತ್ತಾಗಿರುತ್ತಿತ್ತು. ಅವನಿಗೆ ಖಂಡಿತ ಗೊತ್ತಿಲ್ಲ ಅಂತ ಆಲ್ಬರ್ಟ್ ಹೇಳುತ್ತಿದ್ದಾನೆ. ಬರೀ ತಿಂಗಳು ತಿಳಿದು ಹಾಗೆ ಹೇಳಬೇಕಾದರೆ, ಅವನ ತಿಂಗಳಲ್ಲಿ 18, 19 ಇರಲೇಬಾರದು. ಮೇ ಪೂರ್ತಿ ಹೋಯಿತು, ಜೂನ್ ಪೂರ್ತಿ ಹೋಯಿತು. ಉಳಿದದ್ದು ಐದು: ಜುಲೈ 14, 16, ಆಗಸ್ಟ್ 14, 15, 17.

ಬರ್ನಾರ್ಡ್ ಇದನ್ನೆಲ್ಲ ಯೋಚಿಸಿ ‘ಈಗ ಗೊತ್ತಾಯಿತು’ ಅಂದ. 14 ಆಗಿದ್ದರೆ ಎರಡು ತಿಂಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದ. 14 ಹೋಯಿತು. ಉಳಿದದ್ದು ಜುಲೈ 16, ಆಗಸ್ಟ್ 15, ಆಗಸ್ಟ್ 17. ಈಗ ಆಲ್ಬರ್ಟ್ ತನಗೂ ಗೊತ್ತಾಯಿತು ಅನ್ನುತ್ತಾನೆ. ಆಗಸ್ಟ್ ಆಗಿದ್ದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ, ಎರಡು ಉಳಿದಿವೆ. ಜುಲೈ 16.

ಜಗಳ ಯಾಕಾಯಿತು ಅಂದರೆ, ಆಗಸ್ಟ್ 17 ಅಂತ ಹಠ ಹಿಡಿದವರೂ ಇದ್ದರು. ಅವರು ಮಾಡಿದ್ದು ಇಷ್ಟೇ: 18 ಮತ್ತು 19ನ್ನು ಮಾತ್ರ ಹೊಡೆದು ಹಾಕಿದರು, ಮೇ ಮತ್ತು ಜೂನ್ ಪೂರ್ತಿ ಹೊಡೆಯಲಿಲ್ಲ. ಆಗ ಜೂನ್‌ನಲ್ಲಿ 17 ಒಂದೇ ಉಳಿಯುತ್ತದೆ. ತನಗೆ ಗೊತ್ತಿಲ್ಲ ಅಂತ ಆಲ್ಬರ್ಟ್ ಅಂದದ್ದರಿಂದ ಜೂನ್ ಬೀಳುತ್ತದೆ, ಒಂಟಿಯಾಗಿ ಆಗಸ್ಟ್ 17 ಉಳಿಯುತ್ತದೆ. ಬರ್ನಾರ್ಡ್‌ಗೆ ಗೊತ್ತಿಲ್ಲ ಅಂತ ಆಲ್ಬರ್ಟ್‌ಗೆ ಯಾರೋ ಬಂದು ಹೇಳಿದ್ದರೆ ಆ ಉತ್ತರವೇ ಸರಿ. ಆದರೆ ಯಾರೂ ಹೇಳಿಲ್ಲ, ಅವನು ತಿಂಗಳಿನಿಂದಲೇ ತಿಳಿದುಕೊಂಡ. ‘ಗೊತ್ತು’ ಅಂದಾಗ ಹೇಗೆ ಗೊತ್ತು ಅಂತ ಕೇಳದೆ ಮುಂದೆ ಹೋದರೆ ಹೀಗಾಗುತ್ತದೆ.

ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳುತ್ತಿದ್ದಾಳೆ, ‘ಸರ್, ಊಹೆ ಮಾಡಲೇಬಾರದಾ?’ ಮಾಡಬಹುದಮ್ಮ, ಧಾರಾಳವಾಗಿ ಮಾಡು. ಸುಳ್ಳರ ಊರಿನಲ್ಲಿ ನಾವು ಮಾಡಿದ್ದು ಅದನ್ನೇ. ‘ಇವನು ನಿಜ ಹೇಳುವವನು ಅಂತ ಇಟ್ಟುಕೊಳ್ಳೋಣ’ ಅಂದೆವು, ಅದು ತನ್ನ ಕಾಲನ್ನೇ ತಾನು ಮುರಿದುಕೊಳ್ಳುವವರೆಗೆ ಹಿಂದೆ ಹೋದೆವು. ಊಹೆ ಮಾಡಿದ್ದು ನೆನಪಿರಬೇಕು, ಅದು ಬಿದ್ದಾಗ ಅಳಿಸಬೇಕು, ಅಷ್ಟೇ. ಸುಡೊಕು ಮಾಡುವವರು ಪೆನ್ಸಿಲಿನಲ್ಲಿ ಬರೆಯುವುದು ಅದಕ್ಕೇ ತಾನೇ. ಅಂದಹಾಗೆ, ಒಂದೇ ಉತ್ತರ ಇರುವ ಸುಡೊಕುವಿಗೆ ಕನಿಷ್ಠ 17 ಅಂಕಿ ಕೊಟ್ಟಿರಲೇಬೇಕು, 16 ಸಾಲದು. ಐರ್ಲೆಂಡಿನ ಗ್ಯಾರಿ ಮಗ್ವಾಯರ್ ತಂಡ 2012ರಲ್ಲಿ ಕಂಪ್ಯೂಟರಿನಿಂದ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ ಇದನ್ನು ತೋರಿಸಿತು. ಅದು ಕಂಪ್ಯೂಟರಿಗೆ ಬಿಟ್ಟ ಕೆಲಸ, ನಮ್ಮದಲ್ಲ.

ಕೊನೆಯ ಒಗಟು ಕೇಂಬ್ರಿಜ್‌ನದ್ದು. 1914ರಲ್ಲಿ ರಾಮಾನುಜನ್ ಅಲ್ಲಿದ್ದರು, ಪಿ. ಸಿ. ಮಹಲನೋಬಿಸ್ ಕೂಡ ಓದುತ್ತಿದ್ದರು. ಮುಂದೆ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು ಇವರೇ. ಸ್ಟ್ರಾಂಡ್ ಎಂಬ ಪತ್ರಿಕೆಯಲ್ಲಿ ಬಂದಿದ್ದ ಒಗಟನ್ನು ಮಹಲನೋಬಿಸ್ ಓದಿ ಹೇಳಿದರು. ರಾಮಾನುಜನ್ ಒಲೆಯ ಮೇಲೆ ತರಕಾರಿ ಕೈಯಾಡಿಸುತ್ತಿದ್ದರು.

ಒಂದು ಉದ್ದ ಬೀದಿ. ಒಂದೇ ಕಡೆ ಮನೆಗಳು, 1, 2, 3 ಅಂತ ನಂಬರ್. ನಮ್ಮ ಸ್ನೇಹಿತನ ಮನೆಯ ಎಡಕ್ಕಿರುವ ಎಲ್ಲ ನಂಬರ್ ಕೂಡಿದರೂ, ಬಲಕ್ಕಿರುವ ಎಲ್ಲ ನಂಬರ್ ಕೂಡಿದರೂ ಒಂದೇ ಮೊತ್ತ. ಬೀದಿಯಲ್ಲಿ 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ ಮನೆ. ಸ್ನೇಹಿತನ ಮನೆ ನಂಬರ್ ಎಷ್ಟು?

ಮಹಲನೋಬಿಸ್ ಹಾಕಿ ನೋಡಿ ಕೆಲವು ನಿಮಿಷದಲ್ಲಿ ಉತ್ತರ ಕಂಡುಕೊಂಡಿದ್ದರು. ನಾವು ಹಾಕಿ ನೋಡದೆ ಹೋಗೋಣ. ಎಡದ ಮೊತ್ತ, ಬಲದ ಮೊತ್ತ, ಸ್ನೇಹಿತನ ಮನೆ ಮೂರೂ ಸೇರಿದರೆ ಬೀದಿಯ ಒಟ್ಟು ಮೊತ್ತ. ಎಡ ಬಲ ಸಮ ಇರುವುದರಿಂದ ಸ್ವಲ್ಪ ಗುಣಿಸಿ ನೋಡಿದರೆ, ಈ ಒಟ್ಟು ಮೊತ್ತ ಸ್ನೇಹಿತನ ಮನೆ ನಂಬರಿನ ವರ್ಗವೇ ಆಗಿಬಿಡುತ್ತದೆ. ಮನೆಗೆ ಹೋಗಿ ಮಾಡಿ, ಎರಡು ಸಾಲಿನ ಕೆಲಸ. ಬೀದಿಯ ಒಟ್ಟು ಮೊತ್ತ ಅಂದರೆ ಮನೆಗಳ ಸಂಖ್ಯೆ ಗುಣಿಸು ಅದರ ಮುಂದಿನ ಸಂಖ್ಯೆ, ಅದರ ಅರ್ಧ. ಅದು ವರ್ಗಸಂಖ್ಯೆ ಆಗಬೇಕು.

ಪಕ್ಕಪಕ್ಕದ ಎರಡು ಸಂಖ್ಯೆಗಳಿಗೆ 1 ಬಿಟ್ಟು ಸಾಮಾನ್ಯ ಅಪವರ್ತನ ಇರುವುದಿಲ್ಲ. ಆದ್ದರಿಂದ ಒಂದು ವರ್ಗವಾಗಿರಬೇಕು, ಇನ್ನೊಂದು ವರ್ಗದ ಎರಡರಷ್ಟು ಆಗಿರಬೇಕು. ಎರಡರಷ್ಟು ಅಂದ ಮೇಲೆ ಅದು ಸಮ. ಹಾಗಾದರೆ ಪಕ್ಕದ ವರ್ಗ ಬೆಸ. ನಮ್ಮ ಮಿತಿಯೊಳಗೆ ಬೆಸ ವರ್ಗ ಎಷ್ಟಿವೆ? 81, 121, 169, 225, 289, 361, 441. ಏಳೇ ಏಳು. ಒಂದೊಂದರ ಹಿಂದಿನ ಮುಂದಿನ ಸಂಖ್ಯೆಯನ್ನು ಅರ್ಧ ಮಾಡಿ ನೋಡಿ. 81ರ ಅಕ್ಕಪಕ್ಕ 40, 41, ಇಲ್ಲ. 121ಕ್ಕೆ 60, 61, ಇಲ್ಲ. 169ಕ್ಕೆ 84, 85, ಇಲ್ಲ. 225ಕ್ಕೆ 112, 113, ಇಲ್ಲ. 289ಕ್ಕೆ 144. ಅದು 12ರ ವರ್ಗ! 361, 441 ಎರಡೂ ಇಲ್ಲ. ಬೀದಿಯಲ್ಲಿ 288 ಮನೆ. ಸ್ನೇಹಿತನದ್ದು 12 ಗುಣಿಸು 17, 204ನೇ ಮನೆ.

ರಾಮಾನುಜನ್ ತರಕಾರಿ ಕೈಯಾಡಿಸುತ್ತಲೇ ಬರೆದುಕೊಳ್ಳಲು ಹೇಳಿದ್ದು 204 ಅಲ್ಲ. ಭಿನ್ನರಾಶಿಯೊಳಗೆ ಭಿನ್ನರಾಶಿ, ಅದರೊಳಗೆ ಇನ್ನೊಂದು, ಹೀಗೆ ಮುಗಿಯದೆ ಹೋಗುವ ಒಂದು ಭಿನ್ನರಾಶಿ. ಅದರಿಂದ ಇಂಥ ಎಲ್ಲ ಬೀದಿಗಳೂ ಸಾಲಾಗಿ ಬರುತ್ತವೆ. 8 ಮನೆಯ ಬೀದಿಯಲ್ಲಿ 6ನೇ ಮನೆ, 49 ಮನೆಯ ಬೀದಿಯಲ್ಲಿ 35ನೇದು, 288ರಲ್ಲಿ 204ನೇದು. ಅದರ ಮುಂದಿನ ಬೀದಿಯಲ್ಲಿ 1681 ಮನೆ. 1681 ಅಂದರೆ 41ರ ವರ್ಗ, 1682ರ ಅರ್ಧ 841, ಅದು 29ರ ವರ್ಗ. ಸ್ನೇಹಿತ 1189ನೇ ಮನೆಯಲ್ಲಿರುತ್ತಾನೆ. 500 ಮನೆ ದಾಟಿದ ಆ ಬೀದಿ ಪತ್ರಿಕೆಯವರಿಗೆ ಬೇಕಾಗಿರಲಿಲ್ಲ.